ನನಗಿಲ್ಲದ ಕಾಯಿಲೆ ವಾಸಿಯಾದ ಭಾನುವಾರ

ವಾಡಿಯಲ್ಲಿ ರೈಲ್ವೆ ಹಳಿಯ ಆಚೆ ಒಂದು ಸಣ್ಣ ಚರ್ಚಿದೆ. ಅದರ ಪಾಸ್ಟರ್ ನಾನು. ನಾನು ಬಂದಾಗ ಸಭೆಯಲ್ಲಿ ಅರವತ್ತು ಜನರಿದ್ದರು. ಶಹಾಬಾದಿನ ಕಲ್ಲುಗಣಿ ಕೆಲಸ ಕಡಿಮೆಯಾಗಿ ಕೆಲವರು ಊರು ಬಿಟ್ಟರು, ಕೆಲವರು ಕೀಬೋರ್ಡು, ಡ್ರಮ್ಮು ಇರುವ ದೊಡ್ಡ ಸಭೆಗಳಿಗೆ ಹೋದರು. ಉಳಿದವರು ಹನ್ನೊಂದು ಜನ. ಆ ಹೊತ್ತಿಗೆ ನಾನು ಓದಿದ ಲುಥೆರನ್ ಸೆಮಿನರಿಯಿಂದ ಫೋನ್ ಬಂತು. ಪ್ರಿನ್ಸಿಪಾಲರು ನನ್ನ ಹಳೆಯ ಸಹಪಾಠಿ. ಹುಡುಗರಿಗೆ ಪ್ರಸಂಗ, ಅಂದರೆ ಆರಾಧನೆಯಲ್ಲಿ ಉಪದೇಶ, ಮಾಡುವುದನ್ನು ಕಲಿಸಬೇಕಂತೆ. ಮೂರು ವಾರದಲ್ಲಿ ಹೂಂ ಅಥವಾ ಉಹೂಂ ಹೇಳಬೇಕಂತೆ.

ನನ್ನ ಪ್ರಸಂಗ ಕೇಳಿಯೇ ನಲವತ್ತೊಂಬತ್ತು ಜನ ಎದ್ದು ಹೋಗಿದ್ದಾರೆ ಎಂದು ನಾನು ಅವನಿಗೆ ಹೇಳಲಿಲ್ಲ.

ನನ್ನ ಹೆಂಡತಿಗೆ ಯೋಚಿಸುವಂಥದ್ದೇನೂ ಕಾಣಲಿಲ್ಲ. "ಹೂಂ ಅನ್ರಿ. ಇಲ್ಲಿ ಇನ್ನ ಏನ್ ಉಳದದ? ನೀವು ಹೇಳೋದು ಗ್ವಾಡಿ ಕೇಳ್ತಾವ."

"ಹನ್ನೊಂದು ಮಂದಿ ಅದಾರಲ್ಲ."

"ಅದರಾಗ ನಾನೂ ಒಬ್ಬಾಕಿ. ನನ್ನ ಬಿಟ್ಟು ಎಣಸ್ರಿ."

ಬಿಟ್ಟು ಎಣಿಸಿದೆ. ಹತ್ತು. ನಾನು ಹೋದರೆ ಈ ಹತ್ತು ಜನರಿಗಾಗಿ ಇನ್ನೊಬ್ಬ ಪಾಸ್ಟರನ್ನು ಯಾರೂ ಕಳಿಸುವುದಿಲ್ಲ, ಚರ್ಚಿಗೆ ಬೀಗ ಬೀಳುತ್ತದೆ. ಅದು ನನಗೆ ಗೊತ್ತಿತ್ತು. ನಾನಿದ್ದರೂ ಇನ್ನೊಂದೆರಡು ವರ್ಷಕ್ಕೆ ಅದೇ ಬೀಗ ಬೀಳುತ್ತದೆ ಎನ್ನುವುದೂ ಗೊತ್ತಿತ್ತು.

ಆಗ ಒಂದು ತಪ್ಪು ಮಾಡಿದೆ. ಭಾನುವಾರ ಆರಾಧನೆಯ ಕೊನೆಗೆ, "ನನ್ನದೊಂದು ವಿಷಯ ಅದ, ಏನಂತ ಹೇಳಲ್ಲ, ಪ್ರಾರ್ಥನೆ ಮಾಡ್ರಿ" ಎಂದುಬಿಟ್ಟೆ. ನಮ್ಮ ಸಭೆಗಳಲ್ಲಿ ಹೀಗೆ ಹೇಳದೆ ಇಟ್ಟ ವಿಷಯಕ್ಕೆ ಎರಡೇ ಅರ್ಥ. ಮಗಳಿಗೆ ಗೊತ್ತುಮಾಡಿದ ಮದುವೆ ಸಂಬಂಧ ಮುರಿದಿದೆ, ಇಲ್ಲವೇ ದೊಡ್ಡ ಕಾಯಿಲೆ ಬಂದಿದೆ. ನನಗೆ ಮಕ್ಕಳಿಲ್ಲ.

ಬುಧವಾರದ ಹೊತ್ತಿಗೆ ನಾನು ರೋಗಿಯಾಗಿದ್ದೆ. ಒಬ್ಬರು ಅಮೃತಬಳ್ಳಿ ಕಷಾಯ ತಂದರು. ಇನ್ನೊಬ್ಬರು ಹೈದರಾಬಾದಿನಲ್ಲಿ ತೋರಿಸಿ ಎಂದರು. ಕುಂಚಾವರಂ ಕಡೆಯಿಂದ ಬಂದು ವಾಡಿಯಲ್ಲೇ ನೆಲೆಸಿದ ಒಬ್ಬ ಅಜ್ಜಿ ಇದ್ದರು. ಪಾಸ್ಟರಿಗೆ ಆ ಕಡೆಯ ಮಾತಿನಲ್ಲಿ ಅಯ್ಯಗಾರು ಅನ್ನುವವರು. ಯಾರು ತಪ್ಪಿಸಿದರೂ ಅವರು ಆರಾಧನೆ ತಪ್ಪಿಸಿದವರಲ್ಲ. ಅವರು ಬಂದವರೇ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಯ್ಯಗಾರ್ರಿ, ಕುಂದ್ರಿ, ನಿಂತು ಮಾತಾಡಬ್ಯಾಡ್ರಿ. ಶುಗರ್ ಏನ್ರಿ?"

"ಏನೂ ಇಲ್ಲಮ್ಮ, ಆರಾಮ ಅದೀನಿ."

"ನಮ್ಮ ಮನಿಯವರೂ ಹಿಂಗೇ ಅಂತಿದ್ರು. ಕಡೀತನಕ ಅಂದ್ರು."

ಕಾಯಿಲೆ ಅಲ್ಲ ಎಂದರೆ ಮತ್ತೇನು ಎಂದು ಹೇಳಬೇಕಾಗುತ್ತಿತ್ತು. ಕಷಾಯ ಕುಡಿದೆ.

ಎರಡನೆಯ ವಾರ ಹೋಗುವುದೆಂದು ನಿರ್ಧಾರ ಮಾಡಿದೆ. ಹೆಂಡತಿ ಪಾತ್ರೆಗಳನ್ನು ಪೆಟ್ಟಿಗೆಗೆ ತುಂಬತೊಡಗಿದಳು. ಮೂರನೆಯ ಭಾನುವಾರ ಪ್ರಸಂಗ ಮುಗಿಸಿ ಸಭೆಗೆ ಹೇಳಬೇಕು, ಮರುದಿನ ಪ್ರಿನ್ಸಿಪಾಲರಿಗೆ ಫೋನ್ ಮಾಡಬೇಕು ಎಂದಾಯಿತು. ಆದರೆ ಪ್ರಸಂಗಕ್ಕೆ ಮೊದಲು ಸಾಕ್ಷಿ ಹೇಳುವ ಹೊತ್ತು ಬರುತ್ತದೆ. ದೇವರು ಮಾಡಿದ ಉಪಕಾರವನ್ನು ಯಾರಾದರೂ ಎದ್ದು ಹೇಳುತ್ತಾರೆ. ಅಜ್ಜಿ ಫರ್ಶಿ ಕಲ್ಲಿನ ನೆಲಕ್ಕೆ ಕೈಯೂರಿ ಎದ್ದರು.

"ಎರಡು ವಾರ ಆಯ್ತು, ನಾ ರಾತ್ರಿ ಉಂಡಿಲ್ಲ. ಅಯ್ಯಗಾರ ಜಡ್ಡು ಹೋಗ್ಲಿ ಅಂತ ಉಪವಾಸ ಮಾಡೀನಿ. ನಿನ್ನಿ ಪ್ರಾರ್ಥನಿದಾಗ ನನಗ ಸಮಾಧಾನ ಬಂತು. ಅಯ್ಯಗಾರು ಗುಣ ಆಗ್ಯಾರ. ನಮ್ಮನ್ನ ಬಿಟ್ಟು ಎಲ್ಲೂ ಹೋಗಂಗಿಲ್ಲ."

ಎಲ್ಲರೂ ಆಮೆನ್ ಎಂದರು. ನನ್ನ ಹೆಂಡತಿ ಮಾತ್ರ ನೆಲ ನೋಡುತ್ತಿದ್ದಳು. ಅಜ್ಜಿಯ ರವಿಕೆ ತೋಳಿನಲ್ಲಿ ಸಡಿಲವಾಗಿ ಜೋಲುತ್ತಿತ್ತು. ನಾನೂ ಆಮೆನ್ ಎಂದೆ.

ಅದು ತ್ಯಾಗ ಅಂತ ಯಾರೂ ತಿಳಿಯಬೇಡಿ. ಹೋಗುತ್ತೇನೆ ಅನ್ನಲು ಬಾಯಿ ಬರಲಿಲ್ಲ, ಅಷ್ಟೇ. ಸೋಮವಾರ ಪ್ರಿನ್ಸಿಪಾಲರಿಗೆ ಆಗುವುದಿಲ್ಲ ಎಂದೆ. ಅವನಿಗೆ ಇನ್ನೊಬ್ಬರು ಸಿಕ್ಕರು. ಹೆಂಡತಿ ಪಾತ್ರೆಗಳನ್ನು ಮತ್ತೆ ಹಲಗೆಯ ಮೇಲಿಟ್ಟಳು. ಜಗಳವಾಡಿದ್ದರೆ ಚೆನ್ನಾಗಿತ್ತು.

ನಾಲ್ಕು ತಿಂಗಳಾದ ಮೇಲೆ ಅಜ್ಜಿ ಮನೆಗೆ ಬಂದರು. ಕೈಯಲ್ಲಿ ಚೀಲವಿತ್ತು.

"ಅಯ್ಯಗಾರ್ರಿ, ಸಿಕಂದರಾಬಾದಿನಾಗ ಮಗಳು ಕರೀಲಿಕತ್ತಾಳ. ಅಲ್ಲೇ ಇದ್ದುಬಿಡ್ತೀನಿ. ಅಲ್ಲಿ ಚರ್ಚು ಭಾಳ ದೊಡ್ಡದ ಅಂತ, ಫ್ಯಾನೂ ಅದಾವ ಅಂತ. ನಿಮಗ ಬ್ಯಾಸರ ಇಲ್ಲಲ್ಲ?"

"ಇಲ್ಲಮ್ಮ, ಹೋಗಿ ಬರ್ರಿ."

ಸ್ಟೇಷನ್ನಿನವರೆಗೆ ಚೀಲ ಹೊತ್ತೆ. ರೈಲು ಬರುವ ಮೊದಲು, ನನ್ನ ಸಲುವಾಗಿ ಪ್ರಾರ್ಥನೆ ಮಾಡ್ರಿ ಎಂದು ತಲೆ ಬಗ್ಗಿಸಿದರು. ಮಾಡಿದೆ. ನನ್ನ ಪ್ರಸಂಗದ ಹಾಗೆ ಅದೂ ಚೊಕ್ಕವಾಗಿತ್ತು, ಎಲ್ಲೂ ತಡವರಿಸಲಿಲ್ಲ.

ಈಗ ಭಾನುವಾರ ಆರು ಜನ ಬರುತ್ತಾರೆ. ಸಾಕ್ಷಿ ಹೇಳುವ ಹೊತ್ತಿಗೆ ಯಾರೂ ಏಳುವುದಿಲ್ಲ. ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ಪ್ರಸಂಗ ಶುರುಮಾಡುತ್ತೇನೆ.