ರಬಾಳೆಯಲ್ಲಿ ಬೀಗ ಹಾಕಿದ ಬಾಗಿಲು

ಡೊಂಬಿವಲಿಯಲ್ಲಿ ಬೆಳಗಿನ ಲೋಕಲ್ಲನ್ನು ನಾವು ಹತ್ತುವುದಿಲ್ಲ, ಹಿಂದಿನವರೇ ನಮ್ಮನ್ನು ಹತ್ತಿಸುತ್ತಾರೆ. ಮುಂಬಯಿಯನ್ನು ಮುಳುಗಿಸಿದ ೨೦೦೫ರ ಮಹಾಮಳೆ ಕಳೆದು ಮೂರ್ನಾಲ್ಕು ವರ್ಷಗಳಾಗಿದ್ದವು. ಮೇ ರಜೆಗೆ ಕುಂದಾಪುರದಿಂದ ಅಕ್ಕನ ಮನೆಗೆ ಬಂದಿದ್ದ ನಾನು ಲೇಡೀಸ್ ಡಬ್ಬಿ ಹತ್ತಿದೆ. ಭಾವ ತಮ್ಮ ಹೋಟೆಲಿನ ಇಡ್ಲಿ ಪಾತ್ರೆಗಳ ಸಮೇತ ಜನರಲ್ ಹತ್ತಿದರು. ಠಾಣೆಯಲ್ಲಿ ಇಳಿದು ವಾಶಿ ಕಡೆಯ ಗಾಡಿ ಹಿಡಿದು ರಬಾಳೆ ತಲುಪಿದೆವು. ಇಬ್ಬರ ಟಿಕೆಟ್ಟಿಗೆ ಆದ ಖರ್ಚು ಊರಿನ ಒಂದು ಮಸಾಲೆ ದೋಸೆಗಿಂತ ಕಡಿಮೆ. ಬಿಸಿಲು ಮಾತ್ರ ಆಗಲೇ ನೆತ್ತಿ ಸುಡುತ್ತಿತ್ತು.

ಸ್ಟೇಶನ್ನಿನಿಂದ ಹದಿನೈದು ನಿಮಿಷ ನಡೆದರೆ ಕಾರ್ಖಾನೆಗಳ ಬೆನ್ನಿಗೆ ನಾಲಾ ಎನ್ನುವ ಒಂದು ದೊಡ್ಡ ಕೊಳಚೆ ಕಾಲುವೆ, ಅದರ ದಡಕ್ಕೆ ತಗಡಿನ ಮನೆಗಳ ಸಾಲು. ಇರುವವರು ಹೆಚ್ಚಾಗಿ ಕಲಬುರಗಿ, ರಾಯಚೂರು ಕಡೆಯ ಕಟ್ಟಡ ಕೂಲಿಯವರು. ಮಳೆಗಾಲದಲ್ಲಿ ನಾಲಾ ಉಕ್ಕಿದರೆ ಎಲ್ಲರೂ ಮೇಲಿನ ಶಾಲೆಗೆ ಹೋಗಿ ಸೇರುವುದನ್ನು ಅಭ್ಯಾಸ ಮಾಡಿಸಲು ಭಾವನ ಗೆಳೆಯರ ಬಳಗ ಬಂದಿತ್ತು. ಮಳೆ ಭಾನುವಾರ ನೋಡಿ ಬರುವುದಿಲ್ಲವೆಂದು ಬೇಕೆಂದೇ ಕೆಲಸದ ದಿನ ಇಟ್ಟುಕೊಂಡಿದ್ದರು.

ಟೀಚರ್ ಎಂಬ ಕಾರಣಕ್ಕೆ ಸೀಟಿ ನನ್ನ ಕೊರಳಿಗೆ ಬಿತ್ತು. ಊದಿದೆ. ಹೆಂಗಸರು, ಮಕ್ಕಳು, ಊರುಗೋಲಿನ ಇಬ್ಬರು ಅಜ್ಜಂದಿರು ಏರು ಹತ್ತಿದರು. ಭಾವ ಸೀಮೆಸುಣ್ಣ ಹಿಡಿದು, ಬೀಗ ಕಂಡ ಬಾಗಿಲಿಗೆಲ್ಲ 'ಖಾಲಿ' ಎಂಬ ಗುರುತಿಗೆ ಗೀಟು ಎಳೆಯುತ್ತ ಬಂದರು. ಫ್ಲ್ಯಾಟಿನಲ್ಲಿ ಬದುಕುವವರ ಲೆಕ್ಕ ಅದು: ಬೀಗ ಇದ್ದರೆ ಒಳಗೆ ಜನ ಇಲ್ಲ. ಎಲ್ಲ ಸುಸೂತ್ರವಾಯಿತೆಂದು ನಾವು ನಾಲಾ ಪಕ್ಕದಲ್ಲೇ ಚಹಾ ಕುಡಿಯತೊಡಗಿದೆವು.

"ಚಹಾ ಕುಡದು ಮುಗೀತಂದ್ರ ನನ್ನೂ ತೆಗೀರಿ," ಎಂದಿತು ಗೀಟು ಎಳೆದ ಬಾಗಿಲೊಂದರ ಹಿಂದಿನಿಂದ ಒಂದು ದನಿ.

ಭಾವ ಗ್ಲಾಸು ಕೆಳಗಿಟ್ಟು ಅತ್ತ ಓಡಿದರು. ಸರಳಿನ ಕಿಟಕಿಯಲ್ಲಿ ಒಂದು ಮುಖ ಕಾಣಿಸಿತು. ಹೆಸರು ಗೌರವ್ವ, ಕಣ್ಣು ಮುಕ್ಕಾಲು ಹೋಗಿದೆ. ಸೊಸೆ ಮಹಾದೇವಿ ದಿನವೂ ಬೀಗ ಹಾಕಿಕೊಂಡೇ ಕೆಲಸಕ್ಕೆ ಹೋಗುತ್ತಾಳಂತೆ. ಆ ಸಾಲಿನಲ್ಲಿ ಇದು ಗುಟ್ಟೇನಲ್ಲ. ಎಲ್ಲರಿಗೂ ಗೊತ್ತಿತ್ತು, ನಾವು ಕೇಳಿರಲಿಲ್ಲ ಅಷ್ಟೆ. ನನಗೆ ನಾಚಿಕೆಗಿಂತ ಹೆಚ್ಚು ಭಯವಾಯಿತು. ನಿಜವಾದ ನೀರಾಗಿದ್ದರೆ?

ಶಾಲೆಯಿಂದ ಇಳಿದು ಬಂದ ಪಕ್ಕದ ಮನೆಯವರು ಸೊಸೆಗೆ ಫೋನು ಮಾಡಿದರು. ಮಹಾದೇವಿ ಸಿಮೆಂಟು ಮೆತ್ತಿದ ಕೈಯಲ್ಲೇ ಓಡಿ ಬಂದು ಬೀಗ ತೆಗೆದಳು.

"ಹೀಗೆ ಕೂಡಿ ಹಾಕಿ ಹೋಗುದಾ ಮಾರಾಯ್ತಿ?" ಎಂದರು ಭಾವ.

"ಹೋದ ವರ್ಷ ಊರಿಗೆ ಹೋಗ್ತೀನಂತ ರೈಲ್ ಹಳಿ ಹಿಡದು ನಡದಾಳ್ರಿ ಇಕಿ. ಬಿಟ್ರ ಹಳಿ ಮ್ಯಾಗ ಸಾಯ್ತಾಳ, ಹಾಕಿದ್ರ ನೀರಾಗ ಸಾಯ್ತಾಳ. ಯಾವ್ದು ಮಾಡ್ಲಿ, ನೀವ ಹೇಳ್ರಿ."

ಇನ್ನೊಂದು ಕೀಲಿಕೈ ಪಕ್ಕದ ಮನೆಯಲ್ಲಿ ಕೊಡೋಣವೆಂದರೆ ಆ ಮನೆಯವರೂ ದಿನಾ ಕೆಲಸಕ್ಕೆ ಹೋಗುವವರೇ, ಇವತ್ತು ನಮಗಾಗಿ ಉಳಿದಿದ್ದರು. ನಾವು ಹೀಗೆ ಮುದುಕಿಯನ್ನು ಕೇಳದೆಯೇ ಚರ್ಚೆ ಮಾಡುತ್ತಿದ್ದಾಗ ಗೌರವ್ವ ಬಾಯಿ ಹಾಕಿದಳು.

"ಕೀಲಿಕೈ ನನಗ ಕೊಡ್ರಿ. ಬಂದವರಿಗೆ ಕಿಟಕ್ಯಾಗಿಂದ ಕೊಡ್ತೀನಿ, ಅವರು ತೆಗೀತಾರ."

"ಕಳ್ಳ ಬಂದ್ರೆ?" ಎಂದರು ಭಾವ.

"ಬಂದ್ರ ಏನ್ ಒಯ್ತಾನ? ನನ್ನ ಒಯ್ಬೇಕು."

ಎಲ್ಲರೂ ನಕ್ಕರು, ಮಹಾದೇವಿ ನಗಲಿಲ್ಲ. "ಯಾರಿಗಾರ ಕೊಟ್ಟು ಹೊಂಟುಬಿಡ್ತಾಳ್ರಿ," ಎಂದಳು. ಕಡೆಗೆ ಸೀಟಿ ಕೇಳಿದಾಗ ಮಾತ್ರ ಕೊಡುವುದೆಂದು ಅತ್ತೆಯಿಂದ ಮಾತು ತೆಗೆದುಕೊಂಡು, ಇನ್ನೊಂದು ಕೀಲಿಕೈಯನ್ನು ಕರಿದಾರಕ್ಕೆ ಪೋಣಿಸಿ ಅವಳ ಕೊರಳಿಗೆ ಕಟ್ಟಿದಳು. ನಾನೂ ಮಹಾದೇವಿಗೊಂದು ಮಾತು ಕೊಟ್ಟೆ, ಆಟಕ್ಕೆ ಸೀಟಿ ಊದುವುದಿಲ್ಲವೆಂದು.

ಮಧ್ಯಾಹ್ನ ಮತ್ತೆ ಬೀಗ ಹಾಕಿಸಿ ಅಭ್ಯಾಸ ಮಾಡಿಸಿದೆವು. ಸೀಟಿ ಮುಗಿಯುವ ಮೊದಲೇ ಸರಳಿನ ನಡುವೆ ಕೈ ಬಂದಿತ್ತು. ಭಾವ ಬೀಗ ತೆಗೆದರು, ನಾನು ಗೌರವ್ವನ ತೋಳು ಹಿಡಿದೆ. ಶಾಲೆಯ ಜಗಲಿಯಲ್ಲಿ ಕೂತು ಅವಳು ಇಡ್ಲಿ ತಿಂದಳು, "ಸಪ್ಪಗದ" ಎಂದು ಭಾವನಿಗೆ ಹೇಳಿಯೂ ಹೇಳಿದಳು. ಆಮೇಲೆ ಗಾಳಿ ಬಂದ ಕಡೆ ಮುಖ ಮಾಡಿ ಸುಮ್ಮನೆ ಕೂತಳು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಆದರೆ ಮಹಾದೇವಿ ಕೆಲಸಕ್ಕೆ ಮರಳಬೇಕಿತ್ತು. ಅತ್ತೆಯನ್ನು ಒಳಗೆ ಬಿಟ್ಟು, ಬೀಗ ಜಗ್ಗಿ ನೋಡಿ ಹೋದಳು.

ಸಂಜೆ ಹೊರಡುವಾಗ ಹೇಳಿ ಹೋಗೋಣವೆಂದು ಕಿಟಕಿಯ ಹತ್ತಿರ ಹೋದೆ. ನನ್ನ ಚಪ್ಪಲಿ ಸದ್ದಿಗೇ ಕೈ ಹೊರಗೆ ಬಂತು, ಅಂಗೈಯಲ್ಲಿ ಕೀಲಿಕೈ.

"ಸೀಟಿ ಊದಿಲ್ಲ ಅಲ್ವಾ ಅಜ್ಜಿ," ಎಂದೆ.

"ಊದಿಲ್ಲ," ಎಂದಳು. ಕೈ ಹಿಂದಕ್ಕೆ ತೆಗೆಯದೆ, "ನೀವ ಊದ್ರಲಾ," ಎಂದಳು.

ನಾನು ಊದಲಿಲ್ಲ. ಅವಳ ಬೆರಳುಗಳನ್ನು ಕೀಲಿಕೈಯ ಮೇಲೆ ಮಡಚಿ ಹಿಡಿದುಕೊಂಡು ನಿಂತೆ. ಭಾವ ಎರಡನೆಯ ಸಲ ಕರೆದಾಗ ಕೈ ಬಿಟ್ಟು ಸ್ಟೇಶನ್ನಿನ ಕಡೆ ನಡೆದೆ.