ಪಕ್ಕದ ಮನೆಯ ಹಾಲಿನ ಬಾಟಲಿಗಳು

ಅಮೆರಿಕದ ಬಾಥೆಲ್‌ನಲ್ಲಿ ನಾವು ಮನೆ ತೆಗೆದುಕೊಂಡ ಮೊದಲ ವಾರವೇ ಪಕ್ಕದ ಮನೆಯ ಮುದುಕರು ಬೇಲಿಯ ಆಚೆಯಿಂದ ನನ್ನನ್ನು ಮಾತಾಡಿಸಿದರು. ಕೇಳಿದ್ದು ಹೆಸರಲ್ಲ, ಊರಲ್ಲ. "ಟೀಗೆ ಹಾಲು ಮೊದಲು ಹಾಕ್ತೀರೋ, ಆಮೇಲೋ?" ಎಂದು. ನಾವು ಹಾಲಿನಲ್ಲೇ ಟೀ ಸೊಪ್ಪು ಕುದಿಸುತ್ತೇವೆ ಎಂದೆ. ಅವರು "ಓ, ಸ್ವಾರಸ್ಯವಾಗಿದೆ" ಎಂದರು. ಇಂಗ್ಲೆಂಡಿನಲ್ಲಿ ಏಳು ವರ್ಷ ಇದ್ದು ಬಂದ ನನಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಅವರಿಗೆ ಅದು ಅಸಹ್ಯ ಅನ್ನಿಸಿತ್ತು. ನಾನು ನಕ್ಕುಬಿಟ್ಟೆ. ನಾನು ಯಾಕೆ ನಕ್ಕೆ ಎಂದು ಅವರಿಗೂ ತಿಳಿಯಿತು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಅವರು ಉತ್ತರ ಇಂಗ್ಲೆಂಡಿನ ಒಂದು ಬಟ್ಟೆ ಗಿರಣಿಯ ಊರಿನವರು. ಇಪ್ಪತ್ತೇಳನೆಯ ವಯಸ್ಸಿಗೆ ವಿಮಾನದ ರೆಕ್ಕೆಗಳ ಕೆಲಸಕ್ಕೆಂದು ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೆ ಬಂದವರು ಮತ್ತೆ ವಾಪಸು ಹೋಗಲಿಲ್ಲ. ನಾವು ಬಂದ ಎರಡನೆಯ ವರ್ಷ ಅವರ ಹೆಂಡತಿ ತೀರಿಕೊಂಡರು. ಒಬ್ಬಳೇ ಮಗಳು. ಅವಳ ಮನೆ ಅರ್ಧ ಗಂಟೆ ದೂರದ ಸ್ನೊಕ್ವಾಲ್ಮಿಯ ಗುಡ್ಡದ ಮೇಲೆ. ಪ್ರತಿ ಭಾನುವಾರ ಬಂದು ತಂದೆಯ ಜೊತೆ ಊಟ ಮಾಡಿ ಹೋಗುತ್ತಿದ್ದಳು.

ನಾನಿದ್ದ ಇಂಗ್ಲೆಂಡ್ ಬೇರೆ, ಅವರು ಬಿಟ್ಟು ಬಂದ ಇಂಗ್ಲೆಂಡ್ ಬೇರೆ. ಇದು ತಿಳಿಯಲು ನಮಗೆ ಎರಡು ಮೂರು ಸಂಜೆಗಳು ಬೇಕಾದವು. ಅವರ ಬೀದಿಯಲ್ಲಿ ಸೋಮವಾರ ಎಂದರೆ ಬಟ್ಟೆ ಒಗೆಯುವ ದಿನ. ಇಡೀ ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ ಹಾಸಿಗೆ ಬಟ್ಟೆ ಹರವಿದರೆ ಕಲ್ಲಿದ್ದಲಿನ ಗಾಡಿ ಬರುವಂತಿಲ್ಲ. ಅವರ ತಾಯಿ ದಿನಾ ಬೆಳಿಗ್ಗೆ ಮಂಡಿಯೂರಿ ಕೂತು, ಒಂದು ಬಗೆಯ ಹಳದಿ ಕಲ್ಲಿನಿಂದ ಹೊಸ್ತಿಲ ಮುಂದಿನ ಮೆಟ್ಟಿಲನ್ನು ಉಜ್ಜಿ ಅಂಚಿಗೆ ಗೆರೆ ಎಳೆಯುತ್ತಿದ್ದರಂತೆ. ಗೆರೆ ಮಾಸಿದ್ದರೆ ಆ ಮನೆಯ ಹೆಂಗಸಿಗೆ ಮೈ ಸರಿಯಿಲ್ಲ ಎಂದು ಬೀದಿಗೆ ತಿಳಿಯುತ್ತಿತ್ತು. ನಮ್ಮ ಮೈಸೂರಿನ ಮನೆಯಲ್ಲೂ ಅಷ್ಟೇ, ರಂಗೋಲಿ ಇಲ್ಲದ ಬಾಗಿಲನ್ನು ಕಂಡರೆ ಎದುರು ಮನೆಯವರು ಬಂದು ವಿಚಾರಿಸುತ್ತಿದ್ದರು ಎಂದೆ. ಅವರಿಗೆ ಬಹಳ ಸಂತೋಷವಾಯಿತು.

"ನಿನ್ನ ಬೀದಿಗೆ ಹಾಲಿನವನು ಎಷ್ಟು ಗಂಟೆಗೆ ಬರ್ತಿದ್ದ?" ಎಂದು ಒಮ್ಮೆ ಕೇಳಿದರು.

ಯಾವ ಹಾಲಿನವನೂ ಬರುತ್ತಿರಲಿಲ್ಲ. ಲಂಡನ್ನಿನಿಂದ ಒಂದು ಗಂಟೆ ದೂರದ ಆ ಊರಿನಲ್ಲಿ ನಾವು ಸೂಪರ್‌ಮಾರ್ಕೆಟ್ಟಿನಿಂದ ಪ್ಲಾಸ್ಟಿಕ್ ಕ್ಯಾನ್ ಹೊತ್ತು ತರುತ್ತಿದ್ದೆವು. ಮೂಲೆಯ ಪಬ್ಬು ಮುಚ್ಚಿ ಅಲ್ಲಿ ಫ್ಲಾಟುಗಳಾಗಿದ್ದವು. ಪೋಸ್ಟ್ ಆಫೀಸು ಒಂದು ಅಂಗಡಿಯ ಹಿಂದಿನ ಕೌಂಟರಿಗೆ ಹೋಗಿತ್ತು. ಎಡಗಡೆಯ ಮನೆಯವರ ಮುಖವನ್ನು ನಾನು ಏಳು ವರ್ಷದಲ್ಲಿ ಸರಿಯಾಗಿ ನೋಡಲಿಲ್ಲ. ಇದನ್ನೆಲ್ಲ ಹೇಳುತ್ತ ಹೋದಂತೆ ಅವರ ಮುಖ ಸಣ್ಣದಾಯಿತು. ಅರ್ಧಕ್ಕೇ ನಿಲ್ಲಿಸಿದೆ.

ಬಾಟಲಿಗಳು ಕಾಣಿಸಿಕೊಂಡದ್ದು ಅವರಿಗೆ ಎಂಬತ್ತೊಂದು ತುಂಬಿದ ಚಳಿಗಾಲದಲ್ಲಿ. ಒಂದು ಬೆಳಿಗ್ಗೆ ಕ್ಯಾನ್ಯನ್ ಪಾರ್ಕಿನ ನನ್ನ ಲ್ಯಾಬಿಗೆ ಹೊರಟಾಗ ಅವರ ಮೆಟ್ಟಿಲ ಮೇಲೆ ಎರಡು ಗಾಜಿನ ಬಾಟಲಿಗಳಿದ್ದವು. ಇಲ್ಲಿನ ಅಂಗಡಿಗಳಲ್ಲಿ ಸ್ವಲ್ಪ ದುಬಾರಿ ಹಾಲು ಅಂಥ ಬಾಟಲಿಯಲ್ಲಿ ಸಿಗುತ್ತದೆ. ತೊಳೆದು ಫಳಫಳ ಮಾಡಿದ್ದರು. ಒಂದರ ಬಾಯಲ್ಲಿ ಸುರುಳಿ ಸುತ್ತಿದ ಚೀಟಿ. ಕಸಕ್ಕೆ ಇಟ್ಟಿರಬೇಕು ಅಂದುಕೊಂಡೆ. ಮೂರನೆಯ ದಿನವೂ ಅವು ಅಲ್ಲೇ ಇದ್ದವು. ಅವರು ಡ್ರೆಸಿಂಗ್ ಗೌನ್ ಹಾಕಿಕೊಂಡು ಜಡಿಮಳೆಯಲ್ಲಿ ರಸ್ತೆಯ ಕೊನೆಯನ್ನೇ ನೋಡುತ್ತ ನಿಂತಿದ್ದರು.

"ಇವತ್ತೂ ಅವನು ಲೇಟು. ಮೇಲುಗಡೆ ಮಂಜು ಬಿದ್ದಿರಬೇಕು," ಎಂದರು.

ಯಾರು ಎಂದು ನಾನು ಕೇಳಲಿಲ್ಲ. ಅವರು ಒಳಗೆ ಹೋದ ಮೇಲೆ ಚೀಟಿ ತೆಗೆದು ಓದಿದೆ. "ದಯವಿಟ್ಟು ಎರಡು ಪೈಂಟ್. ನಾಳೆ ಬೇಡ, ನಾವು ಊರಲ್ಲಿರುವುದಿಲ್ಲ." ಅವರ ಕಾಲದ ಇಂಗ್ಲೆಂಡಿನಲ್ಲಿ ಖಾಲಿ ಬಾಟಲಿಯ ಜೊತೆ ಹಾಲಿನವನಿಗೆ ಹೀಗೇ ಚೀಟಿ ಇಡುತ್ತಿದ್ದರು. 'ನಾವು' ಎಂದು ಬರೆದಿದ್ದರು. ಅವರ ಹೆಂಡತಿ ಹೋಗಿ ಆಗಲೇ ಮೂರು ವರ್ಷ.

ನಾನು ಮನೆಗೆ ವಾಪಸು ಹೋಗಿ ನಮ್ಮ ಕ್ಯಾನಿನಿಂದ ಆ ಎರಡು ಬಾಟಲಿಗಳಿಗೆ ಹಾಲು ತುಂಬಿಸಿ ಮೆಟ್ಟಿಲ ಮೇಲಿಟ್ಟು ಕೆಲಸಕ್ಕೆ ಹೋದೆ. ಯೋಚನೆ ಮಾಡಿ ಮಾಡಿದ್ದಲ್ಲ. ಸಂಜೆ ಅವರು ಕಿಟಕಿಯಿಂದ ಕೈ ಬೀಸಿದರು. ಎಷ್ಟೋ ತಿಂಗಳಿಂದ ಅವರನ್ನು ಅಷ್ಟು ನೆಮ್ಮದಿಯಲ್ಲಿ ನೋಡಿರಲಿಲ್ಲ. ಅಲ್ಲಿಂದ ವಾರಕ್ಕೆ ಮೂರು ದಿನ ನಾನೇ ಹಾಲಿನವನು.

ನನ್ನ ಗಂಡ ಇದನ್ನು ಒಂದು ವಾರದಲ್ಲೇ ಕಂಡುಹಿಡಿದರು.

"ಏನ್ ಮಾಡ್ತಿದೀಯಾ ನೀನು? ಅವ್ರಿಗೆ ಮೆಮೊರಿ ಪ್ರಾಬ್ಲಮ್ ಇದೆ. ಮಗಳಿಗೆ ಕಾಲ್ ಮಾಡು, ಅಷ್ಟೇ."

"ಭಾನುವಾರ ಬರ್ತಾಳಲ್ಲ, ಅವಳಿಗೇ ಕಾಣ್ಸುತ್ತೆ ಬಿಡಿ."

"ಭಾನುವಾರ ಅವ್ರು ಶೇವ್ ಮಾಡ್ಕೊಂಡು ಟೈ ಕಟ್ಕೊಂಡು ಕೂತಿರ್ತಾರೆ. ಎರಡು ಗಂಟೆ ಮ್ಯಾನೇಜ್ ಮಾಡ್ತಾರೆ. ಅವಳಿಗೆ ಹೇಗೆ ಗೊತ್ತಾಗತ್ತೆ?"

ಅವರು ಹೇಳಿದ್ದು ನಿಜವಾಗಿತ್ತು. ಮಗಳು ಬರುವ ದಿನ ಬಾಟಲಿಗಳು ಹೊರಗೆ ಇರುತ್ತಿರಲಿಲ್ಲ. ಅಂದರೆ ಮುದುಕರಿಗೆ ಒಳಗೊಳಗೇ ಏನೋ ಗೊತ್ತಿತ್ತು. ಒಂದು ದಿನ ಬೇಲಿಯ ಹತ್ತಿರ ಅವರೇ ತಗ್ಗಿದ ದನಿಯಲ್ಲಿ, "ನನ್ನ ಮಗಳ ಹತ್ತಿರ ಏನೂ ಹೇಳಬೇಡ. ಅವಳು ಸುಮ್ಮನೆ ರಂಪ ಮಾಡ್ತಾಳೆ," ಎಂದರು. ಯಾವ ವಿಷಯ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸರಿ ಎಂದೆ.

ಮೈಸೂರಿನಲ್ಲಾಗಿದ್ದರೆ ಇಂಥ ಮಾತು ಒಂದು ಗಂಟೆಯಲ್ಲಿ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಯಾರೋ ಒಬ್ಬರು ಮಗಳಿಗೆ ಫೋನ್ ಮಾಡಿ ಬೈದೂ ಬಿಡುತ್ತಿದ್ದರು. ಆ ಅಭ್ಯಾಸ ನನ್ನಿಂದ ಹೋದದ್ದು ಇಂಗ್ಲೆಂಡಿನಲ್ಲಿ. ಅಲ್ಲಿಗೆ ಹೋದ ಹೊಸದರಲ್ಲಿ ಎದುರು ಮನೆಯ ಮುಂದೆ ಆಂಬುಲೆನ್ಸ್ ಬಂದಾಗ ಓಡಿಹೋಗಿ ಏನಾಯಿತು ಎಂದು ಕೇಳಿದ್ದೆ. ಬಾಗಿಲಲ್ಲಿದ್ದ ಹೆಂಗಸು "ಏನೂ ಇಲ್ಲ, ಚೆನ್ನಾಗಿದೀವಿ, ಥ್ಯಾಂಕ್ಯೂ" ಎಂದು ನಗುತ್ತಲೇ ಬಾಗಿಲು ಹಾಕಿಕೊಂಡಿದ್ದಳು. ಆ ನಾಚಿಕೆ ನನ್ನನ್ನು ತಿದ್ದಿತು. ಕೇಳದೆ ಇರುವುದೇ ಮರ್ಯಾದೆ ಎಂದು ಕಲಿತೆ. ಕಲಿತದ್ದಕ್ಕೆ ಹೆಮ್ಮೆಯೂ ಇತ್ತು.

ಫೆಬ್ರವರಿಯಲ್ಲಿ ನನ್ನ ಕಾರು ಗ್ಯಾರೇಜಿಗೆ ಹೋಗಿದ್ದಾಗ ಅವರು ತಮ್ಮ ಕಾರಿನಲ್ಲಿ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದರು. ವಾಪಸು ಬರುವಾಗ ಪಾರ್ಕಿಂಗಿನಿಂದ ರಸ್ತೆಗೆ ತಿರುಗಿ ನೇರವಾಗಿ ಎಡಗಡೆಯ ಲೇನಿಗೆ ಹೋದರು, ಇಂಗ್ಲೆಂಡಿನಲ್ಲಿ ಹೋಗುವ ಹಾಗೆ. ಎದುರಿಗೆ ದೂರದಲ್ಲಿ ಒಂದು ಪಿಕಪ್ ಬರುತ್ತಿತ್ತು. "ಬಲಕ್ಕೆ, ಬಲಕ್ಕೆ!" ಎಂದು ಕೂಗಿದೆ. ಅವರು ಸ್ಟಿಯರಿಂಗ್ ತಿರುಗಿಸಿದರು. "ಸಾರಿ, ಹಳೆ ಅಭ್ಯಾಸ," ಎಂದು ನಕ್ಕರು. ಐವತ್ತಕ್ಕೂ ಹೆಚ್ಚು ವರ್ಷ ಬಲಗಡೆ ಓಡಿಸಿದವರ ಹಳೆ ಅಭ್ಯಾಸ! ನಾನೂ ನಕ್ಕೆ.

ಇದನ್ನು ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವರು ಅವತ್ತೇ ಮಗಳಿಗೆ ಫೋನ್ ಮಾಡುತ್ತಿದ್ದರು. ಮಗಳು ಮುದುಕರನ್ನು ಕರೆದುಕೊಂಡು ಹೋಗುತ್ತಿದ್ದಳು. ನನಗೆ ಅದು ಬೇಡವಾಗಿತ್ತು. ಈಗ ಬಿಚ್ಚಿ ಹೇಳುವುದಾದರೆ, ಆ ದಿನಗಳಲ್ಲಿ ನನ್ನನ್ನು ಎದುರು ನೋಡುತ್ತಿದ್ದ ಬಾಗಿಲು ಅದೊಂದೇ. ನನ್ನ ಮಗಳು ಕಾಲೇಜಿಗೆ ಹೋಗಿದ್ದಳು. ಫೋನಿನಲ್ಲಿ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ "ಐ ಆಮ್ ಫೈನ್, ಅಮ್ಮ" ಎನ್ನುತ್ತಿದ್ದಳು. ಗಂಡ ಬೆಲ್ವ್ಯೂನ ಆಫೀಸಿನಿಂದ ಟ್ರಾಫಿಕ್ ದಾಟಿ ಮನೆಗೆ ಬರುವಷ್ಟರಲ್ಲಿ ಮಾತು ಮುಗಿದುಹೋಗಿರುತ್ತಿತ್ತು. ಪಕ್ಕದ ಮನೆಯಲ್ಲಿ ಮಾತ್ರ ನನಗಾಗಿ ಚೀಟಿ ಇರುತ್ತಿತ್ತು. ನನಗೆ ಅಲ್ಲ, ಐವತ್ತು ವರ್ಷ ಹಿಂದಿನ ಯಾವನೋ ಹಾಲಿನವನಿಗೆ. ಆದರೂ ಓದುತ್ತಿದ್ದವಳು ನಾನು.

ಏಪ್ರಿಲ್ ಕೊನೆಗೆ ಬಂದ ಒಂದು ಚೀಟಿಯಲ್ಲಿ ಹಾಲಿನ ಮಾತೇ ಇರಲಿಲ್ಲ. "ಅಮ್ಮನಿಗೆ ತಿಳಿಸು, ಶನಿವಾರ ಮನೆಗೆ ಬರುತ್ತೇನೆ," ಎಂದಿತ್ತು. ಅಕ್ಷರ ಅವರದೇ, ಆದರೆ ಹುಡುಗನ ಅಕ್ಷರದ ಹಾಗೆ ದೊಡ್ಡದಾಗಿತ್ತು. ಅದನ್ನು ಮಡಿಚಿ ಕೋಟಿನ ಜೇಬಿನಲ್ಲಿಟ್ಟುಕೊಂಡು ಲ್ಯಾಬಿಗೆ ಹೋದೆ. ಅವರ ಮಗಳ ನಂಬರ್ ನನ್ನ ಫೋನಿನಲ್ಲಿತ್ತು. ಊಟದ ಹೊತ್ತಿಗೆ ಎರಡು ಸಲ ಅದನ್ನು ತೆರೆದೆ. ಈ ಭಾನುವಾರ ಮುಖಾಮುಖಿ ಹೇಳೋಣ ಎಂದುಕೊಂಡೆ.

ಅವರು ಹೊರಟದ್ದು ಶನಿವಾರ ಬೆಳಿಗ್ಗೆ. ಸೂಟು ಹಾಕಿಕೊಂಡಿದ್ದರು. ನಾನು ಹಿಂದಿನ ಅಂಗಳದಲ್ಲಿ ಕೊತ್ತಂಬರಿ ಬೀಜ ಹಾಕುತ್ತಿದ್ದೆ. ಕಾರು ಹೊರಟ ಸದ್ದು ಕೇಳಿತು. ಎದ್ದು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಬ್ರೇಕಿನ ಕಿರುಚು, ಆಮೇಲೆ ಒಂದು ಸದ್ದು. ದೊಡ್ಡ ಸದ್ದೇನಲ್ಲ, ಪಾತ್ರೆ ಬಿದ್ದ ಹಾಗೆ.

ಬೀದಿಯ ತಿರುವಿನಲ್ಲಿ ಅವರ ಕಾರು ಎಡಗಡೆಯ ಅಂಚಿಗೆ ಒತ್ತರಿಸಿಕೊಂಡು ನಿಂತಿತ್ತು. ಅದರ ಮುಂದೆ ಸೈಕಲ್ಲು. ಸೈಕಲ್ಲಿನಲ್ಲಿ ಬರುತ್ತಿದ್ದ ಹೆಂಗಸು ಹುಲ್ಲಿನ ಮೇಲೆ ಕೂತು ಭುಜ ಹಿಡಿದುಕೊಂಡು ಉಸಿರಿಗೆ ಒದ್ದಾಡುತ್ತಿದ್ದಳು. ಮೂವತ್ತು ದಾಟಿರಲಾರದು. ಮುದುಕರಿಗೆ ಏನೂ ಆಗಿರಲಿಲ್ಲ. ಅವರು ಅವಳ ಮುಂದೆ ಬಗ್ಗಿ ಮತ್ತೆ ಮತ್ತೆ ಸಾರಿ ಕೇಳುತ್ತ, ನಡುವೆ ಮೆಲ್ಲನೆ, "ಆದರೆ ನೋಡಿ, ನೀವು ರಾಂಗ್ ಸೈಡಿನಲ್ಲಿ ಬರ್ತಿದ್ರಿ," ಎನ್ನುತ್ತಿದ್ದರು. ನಾನು ಅವರ ತೋಳು ಹಿಡಿದು ಈಚೆಗೆ ಕರೆದೆ. ನನ್ನನ್ನು ನೋಡಿ, "ಬಸ್ಸು ತಪ್ಪಿಹೋಗುತ್ತೆ," ಎಂದರು.

ಆ ಹೆಂಗಸಿನ ಭುಜದ ಮೂಳೆ ಎರಡು ಕಡೆ ಮುರಿದಿತ್ತು. ತಲೆಗೆ ಹೆಲ್ಮೆಟ್ ಇತ್ತು. ಅದಿಲ್ಲದಿದ್ದರೆ ಎಂದು ಪೊಲೀಸಿನವನು ಹೇಳಲು ಶುರುಮಾಡಿ ನನ್ನ ಮುಖ ನೋಡಿ ನಿಲ್ಲಿಸಿದ.

ಅವರ ಮಗಳು ಮಧ್ಯಾಹ್ನದ ಹೊತ್ತಿಗೆ ಬಂದಳು. ಅಡುಗೆಮನೆಯಲ್ಲಿ ನಿಂತು ಫ್ರಿಜ್ ತೆಗೆದಳು. ಒಳಗೆ ಸಾಲಾಗಿ ಬಾಟಲಿಗಳು, ಕೆಲವು ಒಡೆದುಹೋದ ಹಾಲಿನವು. ಅವರು ಕುಡಿಯುತ್ತಲೇ ಇರಲಿಲ್ಲ, ಹಳೆಯದನ್ನು ಚೆಲ್ಲಿ ಬಾಟಲಿ ತೊಳೆದು ಮತ್ತೆ ಹೊರಗಿಡುತ್ತಿದ್ದರು ಎಂದು ನನಗೂ ಆಗಲೇ ಗೊತ್ತಾದದ್ದು.

"ಇದೆಲ್ಲ ಏನು?" ಎಂದಳು.

ಹೇಳಿದೆ. ಬಾಟಲಿ, ಚೀಟಿ, ಫೆಬ್ರವರಿಯ ಎಡಗಡೆ, ಎಲ್ಲ. ಜೇಬಿನಲ್ಲಿದ್ದ ಕೊನೆಯ ಚೀಟಿಯನ್ನೂ ಕೊಟ್ಟೆ. ಅವಳು ಅದನ್ನು ಓದಿ ಮೇಜಿನ ಮೇಲೆ ಕೈಯಿಂದ ಸಮ ಮಾಡಿ ಇಟ್ಟಳು.

"ಎಷ್ಟು ದಿನದಿಂದ?"

"ಡಿಸೆಂಬರಿನಿಂದ."

"ಐದು ತಿಂಗಳು. ನೀನು ನನಗೆ ಒಂದು ಮೆಸೇಜ್ ಕಳಿಸಬಹುದಿತ್ತು."

"ಅವರೇ ಬೇಡ ಅಂದರು. ನಾನು ಅವರ ಮಾತಿಗೆ..."

"ಅವರಿಗೆ ನಾಳೆ ಯಾವ ವಾರ ಅಂತ ಗೊತ್ತಿಲ್ಲ," ಎಂದಳು. ದನಿ ಏರಿಸಲಿಲ್ಲ. "ನೀನು ಒಳ್ಳೆಯವಳು ಅಂತ ನಂಗೊತ್ತು. ಈಗ ದಯವಿಟ್ಟು ಮನೆಗೆ ಹೋಗು."

ಹೋದೆ. ಗಂಡನಿಗೆ ಎಲ್ಲ ಹೇಳಿದೆ. "ನಾನು ಹೇಳಿದ್ನಲ್ಲ" ಎಂಬ ಮಾತಿಗೆ ಕಾಯುತ್ತಿದ್ದೆ. ಅವರು ಅದನ್ನು ಆಡಲಿಲ್ಲ. "ನಾನಾದ್ರೂ ಕಾಲ್ ಮಾಡ್ಬೋದಿತ್ತು. ನನ್ನ ಹತ್ರಾನೂ ನಂಬರ್ ಇತ್ತು," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತೇನೋ.

ಗಾಯಗೊಂಡ ಹೆಂಗಸಿಗೆ ಒಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಬೇಸಿಗೆಯ ಕೊನೆಗೆ ಅವಳು ನಮ್ಮ ಬೀದಿಯಲ್ಲಿ ನಡೆದು ಹೋಗುವುದನ್ನು ನೋಡಿದೆ. ಒಂದು ಕೈಯನ್ನು ಇನ್ನೂ ಮೈಗೆ ಅಂಟಿಸಿಕೊಂಡಿದ್ದಳು. ಸೈಕಲ್ಲಿನ ಮೇಲೆ ಮತ್ತೆ ಕಾಣಲಿಲ್ಲ. ಕಾಗದದಲ್ಲಿ ನಾನು "ಅವರು ಒಳ್ಳೆಯ ಮನುಷ್ಯ" ಎಂದು ಬರೆದಿದ್ದೆ. ನನ್ನ ಬಗ್ಗೆ ಒಂದು ಸಾಲೂ ಬರೆದಿರಲಿಲ್ಲ. ಆ ಕಾಗದ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮುದುಕರನ್ನು ಬೆಲ್ವ್ಯೂನ ವೃದ್ಧರ ಒಂದು ಆರೈಕೆ ಮನೆಗೆ ಸೇರಿಸಿದರು. ಪಕ್ಕದ ಮನೆ ಮಾರಾಟವಾಗಿ ಹೈದರಾಬಾದಿನ ಒಂದು ಸಂಸಾರ ಬಂತು. ನಾನು ಮುದುಕರನ್ನು ನೋಡಬಹುದೇ ಎಂದು ಅವರ ಮಗಳಿಗೆ ಮೂರು ಸಲ ಮೆಸೇಜ್ ಮಾಡಿದೆ. ಅಕ್ಟೋಬರಿನಲ್ಲಿ ಉತ್ತರ ಬಂತು: "ಗುರುವಾರ ನನಗೆ ಹೋಗಲು ಆಗುವುದಿಲ್ಲ. ಬೇಕಾದರೆ ಗುರುವಾರ ಹೋಗು." ಕ್ಷಮಿಸಿದೆ ಎಂದೇನೂ ಅದರಲ್ಲಿ ಇರಲಿಲ್ಲ.

ಮೊದಲ ಗುರುವಾರ ಹೋದಾಗ ಊಟದ ಕೋಣೆಯ ಬಾಗಿಲು ಇನ್ನೂ ತೆರೆದಿರಲಿಲ್ಲ. ಉಳಿದವರೆಲ್ಲ ಅಲ್ಲಲ್ಲಿ ಕುರ್ಚಿಗಳಲ್ಲಿ ಕೂತಿದ್ದರು. ಅವರೊಬ್ಬರೇ ಬಾಗಿಲ ಮುಂದೆ, ಗೋಡೆಯ ಬದಿಗೆ, ನೆಟ್ಟಗೆ ನಿಂತಿದ್ದರು. ನಾನು ಮಾತಾಡಿಸಿದೆ. ಗುರುತು ಹತ್ತಲಿಲ್ಲ. ತುಂಬ ಸೌಜನ್ಯದಿಂದ, "ಕ್ಯೂ ನನ್ನ ಹಿಂದಿನಿಂದ ಶುರು," ಎಂದರು.

ಅವರ ಹಿಂದೆ ನಿಂತೆ. ಹತ್ತು ನಿಮಿಷ ಆಗಿರಬೇಕು. ನರ್ಸ್ ಬಂದು ಬಾಗಿಲು ತೆರೆದಳು. ಅವರು ಒಳಗೆ ಹೋಗುವ ಮೊದಲು ತಿರುಗಿ, "ಚಳಿ ಜಾಸ್ತಿಯಾಯ್ತು ಅಲ್ವಾ?" ಎಂದರು.

"ಹೌದು," ಎಂದೆ. ಆಮೇಲೆ, "ನಿಮಗೆ ಇಲ್ಲಿ ಹೇಗಿದೆ? ನಿಜ ಹೇಳಿ," ಎಂದು ಕೇಳಿದೆ.

ಅವರು ನನ್ನನ್ನೇ ನೋಡಿದರು. ಕಣ್ಣಲ್ಲಿ ನೀರು ತುಂಬಿಕೊಂಡಿತು. "ಇಷ್ಟವಿಲ್ಲ," ಎಂದರು. "ಒಂಚೂರೂ ಇಷ್ಟವಿಲ್ಲ."

ಅವತ್ತೇ ಕಾರಿನಲ್ಲಿ ಕೂತು ಮಗಳಿಗೆ ಫೋನ್ ಮಾಡಿ ಅದನ್ನು ಹಾಗೆಯೇ ಹೇಳಿದೆ. "ನನ್ನ ಹತ್ರ ಎಲ್ಲ ಚೆನ್ನಾಗಿದೆ ಅಂತಾರೆ," ಎಂದಳು. ಮುಂದಿನ ವಾರ ಅವರು ಏನು ಹೇಳಿದರೂ ಫೋನ್ ಮಾಡು ಎಂದು ಕೇಳಿಕೊಂಡಳು.