ನುಗ್ಗೆಸೊಪ್ಪಿನ ನೈವೇದ್ಯ

ಮೊಮ್ಮಗಳು ಬಸುರಿಯೆಂದು ಕೇಳಿ ಕುಣಿಯುವಷ್ಟು ಖುಷಿಯಾಯಿತು. ಗುಬ್ಬಿಯ ಸರ್ಕಾರಿ ನರ್ಸಮ್ಮ ನೆನಪಾದರು.

ಊರಿಗೆ ಕರೆಂಟು ಬಂದ ಹೊಸತು, ನನಗೆ ಚೊಚ್ಚಲು. ಬಲ್ಬಿನ ಬೆಳಕಲ್ಲೂ ಕಣ್ಣು ಮಂಜು. "ಜಾಸ್ತಿ ತಿಂದ್ರೆ ಕೂಸು ದಪ್ಪಗಾಗಿ ಹೆರಿಗೆ ಕಷ್ಟ" ಎಂದು ಅತ್ತೆ ಅರ್ಧ ಮುದ್ದೆಯಷ್ಟೇ ಕೊಡುತ್ತಿದ್ದರು.

ಮನೆಗೆ ಬಂದ ನರ್ಸಮ್ಮ ನನ್ನ ಕಣ್ಣರೆಪ್ಪೆ ಎಳೆದು ನೋಡಿ, "ವಿಟಮಿನ್ ಇಲ್ಲ ಕಣವ್ವ!" ಎಂದರು. ಯಾರನ್ನು ಕಂಡರೂ ಅದೇ ಮಾತು. ನಮ್ಮ ಎಮ್ಮೆಗೂ ಹೇಳಿದ್ದರು.

"ಇವ್ಳಿಗೆ ನುಗ್ಗೆಸೊಪ್ಪು ತಿನ್ಸಿ" ಎಂದು ಅತ್ತೆಗೆ ಹೇಳಿದರು.

"ಅದು ಉಷ್ಣ, ಬಸುರಿಗೆ ಬ್ಯಾಡ ಬುಡಮ್ಮ" ಎಂದರು ಅತ್ತೆ.

ನರ್ಸಮ್ಮ ತಾವೇ ಪಲ್ಯ ಮಾಡಿ, ದೇವರ ಮುಂದಿಟ್ಟು ಗಂಟೆ ಬಾರಿಸಿದರು. "ಈಗಿದು ಪ್ರಸಾದ. ಬ್ಯಾಡ ಅನ್ನಿ ನೋಡಾನ!"

ಅತ್ತೆ ಕೆನ್ನೆ ಬಡಿದುಕೊಂಡು ನನಗೆ ಬಡಿಸಿದರು. ಅಂದಿನಿಂದ ದಿನಾ ಅದೇ ನೈವೇದ್ಯ. ಕಣ್ಣು ತಿಳಿಯಾಯಿತು, ನರ್ಸಮ್ಮನ ಕೈಯಲ್ಲೇ ಮಗಳು ಸಲೀಸಾಗಿ ಹುಟ್ಟಿದಳು.

ಅತ್ತೆ ಹಿತ್ತಿಲಿಗೆ ಓಡಿ ನುಗ್ಗೆಮರಕ್ಕೆ ಕುಂಕುಮವಿಟ್ಟು ಅಡ್ಡಬಿದ್ದರು. ನರ್ಸಮ್ಮ ನಗಲಿಲ್ಲ; ಚಪ್ಪಲಿ ಬಿಟ್ಟು, ಪಕ್ಕದಲ್ಲೇ ತಾವೂ ಅಡ್ಡಬಿದ್ದರು.